ದನಿ ಹೋದ ಮೇಲೆ

ಮಾರ್ಚ್ ೩, ಸೋಮವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಕುತ್ತಿಗೆಯ ಗಂಟು ತೆಗೆದಾಯಿತು. ಅದು ಕೆಟ್ಟ ಗಂಟಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತೂ ಆಯಿತು. ಎಲ್ಲರೂ ದೇವರಿಗೆ ಸ್ತೋತ್ರ, ಸ್ತೋತ್ರ ಎನ್ನುತ್ತಿದ್ದಾರೆ. ನಾನೊಬ್ಬಳು ಏನೂ ಅನ್ನುವ ಹಾಗಿಲ್ಲ. ಗಂಟು ತೆಗೆಯುವಾಗ ಧ್ವನಿಪೆಟ್ಟಿಗೆಗೆ ಹೋಗುವ ನರಕ್ಕೆ ಪೆಟ್ಟಾಗಿದೆ. ಬಾಯಿ ತೆರೆದರೆ ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು.

"ಮಾತು ಬೇಡ. ಗುಸುಗುಸು ಅಂತೂ ಬೇಡವೇ ಬೇಡ, ಅದು ಇನ್ನೂ ಕೆಟ್ಟದ್ದು. ಸ್ವಲ್ಪ ದಿನ ಗಂಟಲಿಗೆ ರಜೆ ಕೊಡಿ" ಎಂದರು ಡಾಕ್ಟರಮ್ಮ.

"ರಜೆ ಮುಗಿದ ಮೇಲೆ?" ಎಂದು ಇವರು ಕೇಳಿದರು.

"ನರ ಚೇತರಿಸಿಕೊಂಡ್ರೆ ದನಿ ಬರುತ್ತೆ. ಕೆಲವರಿಗೆ ಪೂರ್ತಿ, ಕೆಲವರಿಗೆ ಅರ್ಧ. ಈಗಲೇ ಏನೂ ಹೇಳೋಕಾಗಲ್ಲ."

ವಾರದ ದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಕಲಿಸುವುದು, ಭಾನುವಾರ ಚರ್ಚಿನಲ್ಲಿ ಗಾಯನ ಮಂಡಳಿ ನಡೆಸುವುದು. ಇಷ್ಟು ಬಿಟ್ಟು ನನಗೆ ಬೇರೆ ಕಸುಬು ಗೊತ್ತಿಲ್ಲ. ಅರ್ಧ ದನಿ ಇಟ್ಟುಕೊಂಡು ಏನು ಮಾಡಲಿ? ಅರ್ಧ ಹಾಡು ಹಾಡಲೆ?

ದಾರಿಯಲ್ಲಿ ಇವರು ಒಂದು ಸ್ಲೇಟು, ಒಂದು ಡಬ್ಬಿ ಬಳಪ ಕೊಂಡರು. ಸ್ಲೇಟಿನಲ್ಲಿ ಮನೆಯವರೊಡನೆ ಮಾತು. ದೇವರೊಡನೆ ಜಗಳ ಕಾಯಲು ಈ ಪುಸ್ತಕ.

ಮಾರ್ಚ್ ೬, ಗುರುವಾರ

ನೋಡಲು ಬಂದವರೆಲ್ಲ ಒಂದೇ ಪಾಠ ಒಪ್ಪಿಸಿ ಹೋದರು. ದೇವರಿಗೆ ಎಲ್ಲ ಗೊತ್ತು, ದೇವರು ಒದಗಿಸುತ್ತಾನೆ. ಈ ಮಾತನ್ನು ನಾನೇ ಎಷ್ಟು ಮನೆಗಳಲ್ಲಿ ಕೂತು ಎಷ್ಟು ಇಂಪಾಗಿ ಹೇಳಿದ್ದೇನೋ. ಇವತ್ತು ಕೇಳಿಸಿಕೊಂಡಾಗ ಬಳಪ ಎಸೆಯೋಣ ಅನ್ನಿಸಿತು.

ಸಂಜೆ ನಮ್ಮ ಚರ್ಚಿನ ಸಭಾಪಾಲಕರು ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಕಡಿಮೆ. ಅವರೂ ಅದನ್ನೇ ಹೇಳಿದರು: "ಕರ್ತ ಇದನ್ನೂ ಒಳ್ಳೆಯದಕ್ಕೇ ಮಾಡ್ತಾನಮ್ಮ."

ನಾನು ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ "ಯಾರ ಒಳ್ಳೆಯದಕ್ಕೆ?" ಎಂದು ಬರೆದು ಅವರ ಮುಖಕ್ಕೆ ಹಿಡಿದೆ.

ಇವರಿಗೆ ನಾಚಿಕೆಯಾಗಿ ಟೀ ತರುವ ನೆಪದಲ್ಲಿ ಎದ್ದು ಹೋದರು. ಪಾಲಕರು ಸ್ಲೇಟನ್ನು ನೋಡಿದರು, ಟೀ ಕುಡಿದರು, ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು: "ನನಗೂ ಗೊತ್ತಿಲ್ಲಮ್ಮ. ಗೊತ್ತಿದ್ದವನ ಹಾಗೆ ಮಾತಾಡಿಬಿಟ್ಟೆ. ಬೇಜಾರು ಮಾಡ್ಕೋಬೇಡಿ."

ಬಂದವರಲ್ಲಿ ಅವರೊಬ್ಬರ ಮೇಲೆ ಸಿಟ್ಟು ಉಳಿಯಲಿಲ್ಲ.

ಮಾರ್ಚ್ ೯, ಭಾನುವಾರ

ಚರ್ಚಿಗೆ ಹೋದೆ. ನನ್ನ ಜಾಗದಲ್ಲಿ ಗುಬ್ಬಿ ನಿಂತಿದ್ದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಸಣ್ಣ ದನಿ, ಅದಕ್ಕೇ ಮಂಡಳಿಯವರು ಇಟ್ಟ ಹೆಸರು. ಎರಡನೇ ಹಾಡಿನಲ್ಲಿ ಸ್ವರ ತಪ್ಪಿತು, ಹಿಂದಿನ ಸಾಲಿನ ಗಂಡಸರು ಒಂದು ದಿಕ್ಕು, ಹೆಂಗಸರು ಒಂದು ದಿಕ್ಕು. ನನಗೆ ಸಂಕಟವಾಯಿತು. ಖುಷಿಯೂ ಆಯಿತು ಎಂದು ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ?

ತಂದೆಯೇ, ತಿಂಗಳು ಮುಗಿಯುವುದರೊಳಗೆ ನನ್ನ ದನಿ ನನಗೆ ಕೊಡು. ನಿನಗಾಗಿ ತಾನೇ ಬಳಸುತ್ತಿದ್ದದ್ದು.

ಮಾರ್ಚ್ ೧೪, ಶುಕ್ರವಾರ

ಮನೆಯಲ್ಲೊಂದು ಸೋಜಿಗ ನಡೆಯುತ್ತಿದೆ. ಇವರು ಮಾತಾಡುತ್ತಿದ್ದಾರೆ! ಮದುವೆಯಾದಾಗಿನಿಂದ ಆಡಿದ್ದನ್ನೆಲ್ಲ ಕೂಡಿಸಿದರೂ ಇವತ್ತು ಸಂಜೆಯಷ್ಟಾಗಲಿಕ್ಕಿಲ್ಲ. ಇವರದು ಲಿಫ್ಟ್ ರಿಪೇರಿ ಕೆಲಸ. ಬಂದು ಕೈಕಾಲು ತೊಳೆದು, ಊಟ ಮಾಡಿ, ಪೇಪರ್ ಹಿಡಿಯುವುದಷ್ಟೇ ನನಗೆ ಗೊತ್ತಿದ್ದ ಇವರು.

ಇವತ್ತು ಪೇಪರ್ ಮಡಿಚಿಟ್ಟು ಹೇಳಿದರು: "ಮಧ್ಯಾಹ್ನ ಲಿಫ್ಟಲ್ಲಿ ಒಬ್ಬ ಯಜಮಾನ್ರು ಸಿಕ್ಕಿಹಾಕ್ಕೊಂಡಿದ್ರು ಕಣೇ. ಒಳಗಿಂದ ಗುದ್ದಿದ್ದೇ ಗುದ್ದಿದ್ದು, ಇರೋ ಗುಂಡಿಯೆಲ್ಲ ಒತ್ತಿದ್ದೇ ಒತ್ತಿದ್ದು. ನಾನು ಮೇಲೆ ಮೋಟಾರ್ ಹತ್ರ ಇದ್ದೀನಿ, ಬಿಚ್ತಾ ಇದ್ದೀನಿ. ಆದ್ರೆ ಅವರಿಗೆ ನಾನು ಕಾಣಲ್ಲ ನೋಡು. ಯಾರೂ ಬಂದೇ ಇಲ್ಲ ಅನ್ಕೊಂಡಿದ್ರಂತೆ."

ಇದು ನನಗೇ ಹೇಳಿದ್ದೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. "ಯಾವಾಗಿನಿಂದ ಪಾಲಕರ ಹಾಗೆ ಪ್ರಸಂಗ ಮಾಡತೊಡಗಿದಿರಿ?" ಎಂದು ಬರೆದು ತೋರಿಸಿದೆ.

"ಇಷ್ಟು ವರ್ಷ ಮಾತಿಗೆ ಸಂದು ಎಲ್ಲಿ ಬಿಟ್ಟಿದ್ದೆ ನೀನು?" ಎಂದು ಹೇಳಿ ಮತ್ತೆ ಪೇಪರ್ ತೆಗೆದುಕೊಂಡರು.

ಮಾರ್ಚ್ ೨೨, ಶನಿವಾರ

ಮಗ ಮೊಬೈಲ್ ಟವರ್ ಕಟ್ಟುವ ಕೆಲಸಕ್ಕೆ ಊರೂರು ಅಲೆಯುತ್ತಿರುತ್ತಾನೆ. ಅವನಿಲ್ಲದಾಗ ಸೊಸೆ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ತನ್ನ ಕೋಣೆ ಸೇರಿದರೆ ಊಟಕ್ಕೇ ಹೊರಗೆ ಬರುವುದು. ಸಂಕೋಚದ ಹುಡುಗಿ ಎಂದುಕೊಂಡಿದ್ದೆ.

ಇವತ್ತು ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ. ಬಂದು ಎದುರು ಕೂತಳು. ಒಂದು ಹಿಡಿ ಕಾಯಿ ಎತ್ತಿಕೊಂಡು ನಾರು ತೆಗೆಯತೊಡಗಿದಳು.

"ಅತ್ತೆ, ನಿಮ್ಗೊಂದು ಹೇಳ್ಬೇಕು. ನನಗೀಗ ನಾಲ್ಕು ತಿಂಗಳು."

ಚಾಕು ಕೆಳಗಿಟ್ಟೆ. ಹಿಂದೆ ಎರಡು ಸಲ ಮೂರನೇ ತಿಂಗಳಲ್ಲೇ ಹೋಗಿತ್ತು.

"ನಿಮ್ಮ ಮಗನಿಗೆ ನಾನೇ, ಯಾರಿಗೂ ಹೇಳ್ಬೇಡಿ ಅಂದಿದ್ದೆ. ಹೋದ ಸಲ ನೀವು ಸಭೆಯಲ್ಲಿ ಎದ್ದು ನಿಂತು ಎಲ್ಲರ ಹತ್ರ ಪ್ರಾರ್ಥನೆ ಮಾಡಿಸಿದ್ರಿ. ಒಳ್ಳೇದಕ್ಕೇ ಮಾಡಿದ್ರಿ ಅತ್ತೆ, ಗೊತ್ತು. ಆದ್ರೆ ಹೋದ ಮೇಲೆ ಎಲ್ರೂ ನನ್ನ ಹೊಟ್ಟೆ ನೋಡಿ ಕೇಳೋರು. ಒಬ್ಬೊಬ್ರಿಗೂ ನಾನೇ ಇಲ್ಲ, ಇಲ್ಲ ಅಂತ ಹೇಳ್ಬೇಕಾಯ್ತು."

ಸ್ಲೇಟು ಪಕ್ಕದಲ್ಲೇ ಇತ್ತು. ಅದನ್ನು ಆಚೆ ಸರಿಸಿ ಅವಳ ಹತ್ತಿರಕ್ಕೆ ಜರುಗಿದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು: "ಈಗಾದ್ರೆ ಧೈರ್ಯವಾಗಿ ಹೇಳ್ಬಹುದು ಅನ್ನಿಸ್ತು. ನೀವು ಯಾರಿಗೂ ಹೇಳೋ ಹಾಗಿಲ್ವಲ್ಲ."

ನನಗೂ ನಗು ಬಂತು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯಿತು. ಆಮೇಲೆ ಅವಳು ಮಾತಾಡಿದಳು, ಮಾತಾಡಿದಳು. ಬಚ್ಚಲಿಗೆ ಹೋಗುವುದಕ್ಕೂ ಹೆದರಿಕೆಯಂತೆ, ಎಲ್ಲಿ ರಕ್ತ ಕಂಡೀತೋ ಎಂದು. ಈ ಹುಡುಗಿಯ ಒಳಗೆ ಇಷ್ಟು ಮಾತಿತ್ತೆ?

ಇದಕ್ಕಾಗಿಯೇ ದೇವರು ನನ್ನ ಗಂಟಲು ಕಟ್ಟಿದ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಒಂದು ಮಾತು ಕೇಳಿಸಿಕೊಳ್ಳುವುದಕ್ಕೆ ಇಷ್ಟು ಬೆಲೆಯೆ? ಆದರೆ ಕೇಳಿಸಿಕೊಂಡದ್ದು ನಿಜ.

ಮಾರ್ಚ್ ೨೩, ಭಾನುವಾರ

ಯಾರಿಗೂ ಹೇಳಲಿಲ್ಲ. ನನ್ನ ಮೇಲೆ ನನಗೇ ನಂಬಿಕೆ ಸಾಲದೆ ಸ್ಲೇಟನ್ನು ಮನೆಯಲ್ಲೇ ಬಿಟ್ಟು ಚರ್ಚಿಗೆ ಹೋಗಿದ್ದೆ.

ಏಪ್ರಿಲ್ ೨, ಬುಧವಾರ

ಡಾಕ್ಟರಮ್ಮ ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ಬಾಗಿಲಿನ ಎರಡು ರೆಕ್ಕೆಗಳ ಹಾಗಿವೆ ಧ್ವನಿತಂತುಗಳು. ಒಂದು ತೆರೆದು ಮುಚ್ಚುತ್ತದೆ. ಇನ್ನೊಂದು ಅಲ್ಲಾಡದೆ ಬಿದ್ದುಕೊಂಡಿದೆ.

ತಂದೆಯೇ, ತಿಂಗಳು ಮುಗಿಯಿತು. ನೀನು ಕೊಡಲಿಲ್ಲ. ಶಾಲೆಯವರು ಬೇರೆ ಟೀಚರನ್ನು ತೆಗೆದುಕೊಂಡರು.

ಇವತ್ತು ಇಷ್ಟೇ.

ಏಪ್ರಿಲ್ ೫, ಶನಿವಾರ

ಬಾಗಿಲು ತಟ್ಟಿದ್ದು ಗುಬ್ಬಿ. ಒಳಗೆ ಬಂದವಳೇ ಅತ್ತುಬಿಟ್ಟಳು. "ಟೀಚರ್, ನನ್ನಿಂದಾಗಲ್ಲ. ಎಲ್ಲರೂ ನನ್ನನ್ನೇ ನೋಡ್ತಾರೆ, ದನಿ ನಡುಗಿಹೋಗುತ್ತೆ. ನೀವು ಯಾವಾಗ ಬರ್ತೀರ?"

ಬರುವುದೇ ಇಲ್ಲವೇನೋ ಎಂದು ಹೇಗೆ ಬರೆಯುವುದು? ಹಾಡು ಎಂದು ಕೈಸನ್ನೆ ಮಾಡಿದೆ. ಹಾಡಿದಳು. ತಪ್ಪು ಎಲ್ಲಿದೆ ಎಂದು ಹಾಡಿ ತೋರಿಸುವವಳು ನಾನು, ಈಗ ತೋರಿಸುವ ಹಾಗಿಲ್ಲ. ಅವಳ ಹಿಂದೆ ನಿಂತು ಬೆನ್ನಿನ ಮೇಲೆ ಅಂಗೈ ಇಟ್ಟೆ. ಉಸಿರು ಮೇಲೆಮೇಲೇ ಆಡುತ್ತಿತ್ತು. ಅಂಗೈ ಒತ್ತಿ ನಿಧಾನ, ನಿಧಾನ ಎಂದು ತಿಳಿಸಿದೆ. ಉಸಿರು ಕೆಳಗಿಳಿಯುವ ತನಕ ಬಿಡಲಿಲ್ಲ. ಆಮೇಲೆ ಅವಳು ಎತ್ತಿದ ಸ್ವರಕ್ಕೆ ಅವಳೇ ಬೆಚ್ಚಿಬಿದ್ದಳು. ಗುಬ್ಬಿಯ ದನಿಯಲ್ಲ ಅದು.

"ಇನ್ನೊಂದ್ಸಲ ಟೀಚರ್, ಕೈ ತೆಗೀಬೇಡಿ" ಎಂದಳು. ಅಡುಗೆಗೆ ತಡವಾಯಿತು.

ಏಪ್ರಿಲ್ ೧೪, ಸೋಮವಾರ

ಬೆಳಿಗ್ಗೆ ಪ್ರಾರ್ಥನೆಗೆ ಕೂತು ಸೊಸೆಯ ಸಲುವಾಗಿ ಬೇಡಿಕೊಂಡೆ, ಮಗನ ಸಲುವಾಗಿ, ಗುಬ್ಬಿಯ ಸಲುವಾಗಿ. ಎದ್ದು ಬಂದು ಹಾಲು ಕಾಯಿಸುವಾಗ ನೆನಪಾಯಿತು, ನನ್ನ ಗಂಟಲಿನ ವಿಷಯ ಕೇಳುವುದೇ ಮರೆತಿದ್ದೆ. ನಾಳೆ ಜ್ಞಾಪಕವಿಟ್ಟು ಕೇಳಬೇಕು.

ಏಪ್ರಿಲ್ ೨೪, ಗುರುವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಮಧ್ಯಾಹ್ನ ಊಟ ಮುಗಿದಿತ್ತು. ಸೊಸೆ ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಇವರು ಕೆಲಸದಲ್ಲಿ, ಮಗ ದೂರದೂರಿನಲ್ಲಿ. ಬಚ್ಚಲಿನಿಂದ "ಅತ್ತೆ!" ಎಂದು ಕೂಗಿದ್ದು ಕೇಳಿತು. ಹೋಗಿ ನೋಡಿದರೆ ಸೊಸೆ ಗೋಡೆಗೆ ಒರಗಿ ಕೂತಿದ್ದಾಳೆ, ನೆಲದಲ್ಲಿ ರಕ್ತ. ನನ್ನನ್ನು ನೋಡಿದ್ದೇ ಕಣ್ಣು ಮೇಲೆ ಮಾಡಿ ಪ್ರಜ್ಞೆ ತಪ್ಪಿದಳು.

ಫೋನ್ ತೆಗೆದುಕೊಂಡು ಆಂಬುಲೆನ್ಸಿಗೆ ಮಾಡಿದೆ. "ಹೇಳಿ, ಎಲ್ಲಿಂದ ಮಾತಾಡ್ತಿದ್ದೀರ?" ಎಂದಿತು ಆ ಕಡೆಯ ದನಿ. ನಾನು ಬಾಯಿ ತೆರೆದೆ. ಗಾಳಿ. "ಹಲೋ? ಹಲೋ? ಯಾರ್ರೀ?" ಎಂದು ಆತ ಇಟ್ಟುಬಿಟ್ಟ.

ಇಷ್ಟು ವರ್ಷ ದೊಡ್ಡ ಚರ್ಚಿನ ಕೊನೆಯ ಬೆಂಚಿಗೂ ಕೇಳುವ ಹಾಗೆ ಹಾಡಿದವಳು, ಒಂದು ವಿಳಾಸ ಹೇಳಲಾಗದೆ ನಿಂತಿದ್ದೆ.

ಅಡುಗೆಮನೆಗೆ ಓಡಿದೆ. ದೊಡ್ಡ ಬಾಣಲೆ, ಕಬ್ಬಿಣದ ಸೌಟು. ಬೀದಿಯ ಕಡೆಯ ಬಾಲ್ಕನಿಯಲ್ಲಿ ನಿಂತು ಬಡಿದೆ. ಹಾಗೆ ಬಡಿಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಎದುರುಮನೆಯ ಟ್ಯಾಕ್ಸಿಯವನು ಕಿಟಕಿ ತೆರೆದು, "ಯಾರ್ರೀ ಅದು, ಮನುಷ್ಯರು ಮಲಗೋದು ಬೇಡ್ವಾ?" ಎಂದು ಕಿರುಚಿದ. ನನ್ನ ಮುಖ ಕಂಡದ್ದೇ ಬಾಯಿ ಮುಚ್ಚಿತು. ಬನಿಯನ್ನಲ್ಲೇ ಓಡಿ ಬಂದ. ಸೊಸೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದ, "ಏನಾಗಲ್ಲಮ್ಮ, ಏನಾಗಲ್ಲ" ಎನ್ನುತ್ತ. ಅವನ ಒಂದು ಕೆನ್ನೆ ಊದಿಕೊಂಡಿತ್ತು. ಆ ಹೊತ್ತಿಗೆ ಅವನು ಎಂದೂ ಮನೆಯಲ್ಲಿರುವುದಿಲ್ಲ. ಹಲ್ಲುನೋವು ತಾಳಲಾರದೆ ಬಂದು ಮಲಗಿದ್ದನಂತೆ.

ಕಾರಿನಲ್ಲಿ ಸೊಸೆಗೆ ಎಚ್ಚರವಾಯಿತು. ತಲೆ ನನ್ನ ತೊಡೆಯ ಮೇಲಿತ್ತು. "ಅತ್ತೆ, ಪ್ರಾರ್ಥನೆ ಮಾಡಿ. ನನಗೆ ಕೇಳೋ ಹಾಗೆ ಮಾಡಿ."

ಸಭೆಯಲ್ಲಿ ನನ್ನ ಪ್ರಾರ್ಥನೆ ಉದ್ದ ಎಂದು ಹೆಸರು. ಇವತ್ತು ದನಿ ಮಾತ್ರವಲ್ಲ, ಒಳಗೆ ಮಾತೂ ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ. ನೀನೇ, ನೀನೇ ಎಂದಷ್ಟೇ ಒಳಗೆ ಅನ್ನುತ್ತಿದ್ದೆ. ಏನು ಕೊಡು ಎಂದೂ ಕೇಳಲಿಲ್ಲ. ಈಗ ಯೋಚಿಸಿದರೆ ಅದೊಂದು ಪ್ರಾರ್ಥನೆಯೇ ಎಂದು ಅನುಮಾನ ಬರುತ್ತದೆ.

ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಮೊದಲು ಬರೀ ಗೊರಗೊರ. ನರ್ಸಮ್ಮ ಅತ್ತಿತ್ತ ಸರಿಸಿದಳು. ಆಮೇಲೆ ಕೇಳಿತು, ಪುಟ್ಟ ಕುದುರೆ ಓಡಿದ ಹಾಗೆ ಟಕಟಕ, ಟಕಟಕ. ಸೊಸೆ ಅತ್ತಳು. ಹೊರಗೆ ಕಾಯುತ್ತಿದ್ದ ಟ್ಯಾಕ್ಸಿಯವನಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಅವನು ಕೆನ್ನೆ ಹಿಡಿದುಕೊಂಡೇ ಅತ್ತ.

ಮಾಸು ಗರ್ಭದ ಬಾಯಿಗೆ ಅಡ್ಡವಾಗಿ ಕೂತಿದೆಯಂತೆ. ಹೆರಿಗೆಯ ತನಕ ಮಲಗಿಯೇ ಇರಬೇಕು. ಮತ್ತೆ ರಕ್ತ ಹೋದರೂ ಹೋಗಬಹುದು.

ದೇವರು ಅವನ ಹಲ್ಲನ್ನು ನೋಯಿಸಿದನೆ? ಹಾಗೆ ಬರೆಯಲು ಕೈ ಏಳುವುದಿಲ್ಲ, ಪಾಪ. ಆದರೆ ಅವನು ಮನೆಯಲ್ಲಿದ್ದ.

ಮೇ ೫, ಸೋಮವಾರ

ಸೊಸೆಯ ಮಂಚವನ್ನು ನಡುಮನೆಗೆ ತಂದಿದ್ದೇವೆ, ಕಿಟಕಿಯ ಪಕ್ಕಕ್ಕೆ. ಮಗ ಬಂದು ವಾರವಿದ್ದು ಹೋದ. ಬೆನ್ನು ಒರೆಸುವುದು, ತಲೆ ಬಾಚುವುದು, ಸೂಪು ಕುಡಿಸುವುದು, ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ನನಗೂ ಗಂಟಲಿನ ಅಭ್ಯಾಸ ಶುರುವಾಗಿದೆ. ತುಟಿ ಮುಚ್ಚಿ ಗುಂಯ್‌ಗುಡಬೇಕು. ಮಂಚದ ಪಕ್ಕ ಕೂತು ಅಭ್ಯಾಸ ಮಾಡುವಾಗ ಇವತ್ತು ಏನೋ ಒಂದು ಹೊರಟಿತು. ಎಲ್ಲೋ ಕೆಳಗಿನಿಂದ, ಮರಳು ಬೆರೆತ ಸದ್ದು. ಅಡುಗೆಮನೆಯಿಂದ ಇವರು ಇಣುಕಿದರು: "ಯಾರು ಗಂಡಸರು ಬಂದಿದ್ದು?"

ಸೊಸೆ ನಕ್ಕಳು. ಆಮೇಲೆ ನಗಬಾರದೆಂದು ಹೊಟ್ಟೆ ಹಿಡಿದುಕೊಂಡಳು. ನನ್ನ ಮೊದಲ ಮಾತು "ಥೂ" ಎಂದಾಯಿತು, ಇವರಿಗೇ.

ಜೂನ್ ೧೨, ಗುರುವಾರ

ನಿನ್ನೆ ಮತ್ತೆ ಸ್ವಲ್ಪ ರಕ್ತ ಹೋಗಿತ್ತು, ನಿಂತಿತು. ಇವತ್ತು ಸಂಜೆ ಕಾಲು ಒತ್ತುತ್ತಿದ್ದಾಗ ಸೊಸೆ ಕೇಳಿದಳು: "ಅತ್ತೆ, ಈ ಸಲ ಉಳಿಯುತ್ತೆ ಅಂತ ದೇವರು ನಿಮ್ಗೆ ಏನಾದ್ರೂ ತಿಳಿಸಿದ್ದಾನಾ?"

"ಇಲ್ಲಮ್ಮ. ತಿಳಿಸಿಲ್ಲ" ಎಂದೆ. ಈಗ ಹೀಗೆ ಎರಡು ಮೂರು ಮಾತು ಬರುತ್ತದೆ, ಕರಕರ ಎಂದು.

"ಮತ್ತೆ ನೀವು ಹೇಗೆ ಇಷ್ಟು ನೆಮ್ಮದಿಯಾಗಿದ್ದೀರ?"

ನೆಮ್ಮದಿಯಾಗಿದ್ದೇನೆಯೆ? ನನಗೆ ಗೊತ್ತಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದೆ: "ಏನಾಗುತ್ತೋ ಗೊತ್ತಿಲ್ಲ ಕಣೇ. ಏನಾದ್ರೂ ಅವನ ಕೈಯಲ್ಲೇ ಇರ್ತೀವಿ. ನೀನೂ ಅಷ್ಟೇ, ಅದೂ ಅಷ್ಟೇ. ಅವನು ಕೈ ಬಿಟ್ಟಿದ್ದು ನಾನು ಕಂಡಿಲ್ಲ."

ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, "ಹೋದ ಎರಡೂ?" ಎಂದಳು.

"ಅವೂ" ಎಂದೆ.

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಿದ್ದೆ ಬಂದಿತ್ತು, ಎಷ್ಟೋ ದಿನಗಳ ಮೇಲೆ ಒಳ್ಳೆಯ ನಿದ್ದೆ.

ಜುಲೈ ೩, ಗುರುವಾರ

ಪರದೆಯ ಮೇಲೆ ಮತ್ತೆ ನೋಡಿದೆವು. ಕೆಟ್ಟ ತಂತು ಅರ್ಧ ದಾರಿ ಬಂದು ನಿಂತಿದೆ. ಒಳ್ಳೆಯದು ತನ್ನ ಗೆರೆ ದಾಟಿ ಬಂದು ಅದನ್ನು ಮುಟ್ಟುತ್ತಿದೆ.

"ಮಾತು ಸಾಕಷ್ಟು ಸರಿಹೋಗುತ್ತೆ. ಆದ್ರೆ ಮೇಲಿನ ಸ್ವರ ಇನ್ನು ಬರುತ್ತೆ ಅಂತ ನಾನು ಆಸೆ ತೋರಿಸಲ್ಲ" ಎಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಇವರು ಇಳಿಯುವ ಜಾಗ ಬಂದರೂ ಎಬ್ಬಿಸದೆ ಕೊನೆಯ ನಿಲ್ದಾಣದವರೆಗೂ ಜೊತೆಗೆ ಕೂತಿದ್ದು, ಅದೇ ಬಸ್ಸಿನಲ್ಲಿ ವಾಪಸು ಕರೆದುಕೊಂಡು ಬಂದರು.

ಜುಲೈ ೨೦, ಭಾನುವಾರ

ಪಾಲಕರ ಹತ್ತಿರ ಹೇಳಿದೆ, ಮಂಡಳಿಯನ್ನು ಗುಬ್ಬಿಯೇ ನಡೆಸಲಿ ಎಂದು. "ನೀವು?" ಎಂದರು. ಗುಬ್ಬಿ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ, ಗಂಡಸರ ಪಕ್ಕ ನಿಲ್ಲಿಸಿದಳು. "ಕೆಳಗಿನ ಸ್ವರಕ್ಕೆ ಜನ ಸಾಲದು ಟೀಚರ್" ಎಂದಳು, ಮುಖ್ಯಸ್ಥೆಯ ಗತ್ತಿನಲ್ಲೇ.

ಅಲ್ಲಿಂದ ಹಾಡು ಬೇರೆಯೇ ಕೇಳಿಸುತ್ತದೆ. ಮುಂದೆ ನಿಂತಾಗ ನನಗೆ ನನ್ನ ದನಿಯೇ ಕೇಳುತ್ತಿತ್ತು. ಹಿಂದೆ ನಿಂತರೆ ಎಲ್ಲರದೂ ಕೇಳುತ್ತದೆ. ಪಕ್ಕದ ಗಡ್ಡದ ತಾತ ಸ್ವರಕ್ಕಿಂತ ಮುಂದೆ ಓಡುತ್ತಾರೆ. ಬುಧವಾರದ ಅಭ್ಯಾಸದಲ್ಲಿ ನಯವಾಗಿ ಹೇಳಬೇಕು.

ಆಗಸ್ಟ್ ೧೪, ಗುರುವಾರ

ಬೆಳಿಗ್ಗೆ ಆಪರೇಷನ್ ಮಾಡಿ ತೆಗೆದರು. ಹೆಣ್ಣು. ಸಣ್ಣದು, ಆದರೆ ಕಿರುಚಿದ್ದು ಬಾಗಿಲಾಚೆಗೂ ಕೇಳಿತು. ಸೊಸೆ ಚೆನ್ನಾಗಿದ್ದಾಳೆ. ಮಗ ಹೆಲ್ಮೆಟ್ ಹಾಕಿಕೊಂಡೇ ವಾರ್ಡಿನೊಳಗೆ ಓಡಾಡುತ್ತಿದ್ದ, ತೆಗೆಯುವುದು ಮರೆತು.

ಸ್ತೋತ್ರ. ಹೆಚ್ಚು ಬರೆಯಲಾರೆ.

ಆಗಸ್ಟ್ ೨೧, ಗುರುವಾರ

ಕೂಸು ಮನೆಗೆ ಬಂತು. ಸಂಜೆಯಾಗುತ್ತಲೂ ಅಳು ಹತ್ತಿತು. ಹಾಲು ಕುಡಿಸಿದ್ದಾಯಿತು, ಬಟ್ಟೆ ಬದಲಾಯಿಸಿದ್ದಾಯಿತು, ಇವರು ಬೀಗದ ಕೈಗೊಂಚಲು ಆಡಿಸಿ ನೋಡಿದ್ದಾಯಿತು. ಸೊಸೆ ಸುಸ್ತಾಗಿದ್ದಳು. ನಾನು ಎತ್ತಿಕೊಂಡು ಕಿಟಕಿಯ ಬಳಿ ನಿಂತೆ. ಮಗನಿಗೆ ಹಾಡುತ್ತಿದ್ದ ಲಾಲಿಯನ್ನು ಹಳೆಯ ಅಭ್ಯಾಸದಲ್ಲಿ ಎತ್ತಿದೆ. ಮೇಲಿನ ಸ್ವರ ಬರುವಲ್ಲಿ ಗಂಟಲು ಕಟ್ಟಿತು, ಬರೀ ಗಾಳಿ. ಕೂಸು ಇನ್ನೂ ಜೋರಾಗಿ ಅತ್ತಿತು.

ಲಾಲಿಯನ್ನು ಮತ್ತೆ ಎತ್ತಿದೆ, ಈ ಸಲ ಕೆಳಗಿನಿಂದ, ಇರುವ ದನಿಯಲ್ಲೇ, ಕರಕರ ಎಂದು. ಎರಡನೇ ಸಾಲಿಗೆ ಅಳು ತಗ್ಗಿತು. ಮೂರನೇ ಸಾಲಿಗೆ ಮುಷ್ಟಿ ಬಿಚ್ಚಿ ನನ್ನ ಮುಖ ಎಲ್ಲಿದೆಯೆಂದು ಹುಡುಕುವ ಹಾಗೆ ತಲೆ ಹೊರಳಿಸಿತು.

"ನನ್ನ ದನಿ ಮೊದಲು ಹೇಗಿತ್ತು ಅಂತ ಇದಕ್ಕೆ ಗೊತ್ತೇ ಆಗಲ್ಲ" ಎಂದೆ ಸೊಸೆಗೆ. ದುಃಖದಲ್ಲಿ ಹೇಳಹೊರಟ ಮಾತು, ಹೇಳುವಷ್ಟರಲ್ಲಿ ದುಃಖ ಎಲ್ಲಿ ಹೋಯಿತೋ.

"ಅದಕ್ಕೆ ಅಜ್ಜಿಯ ದನಿ ಅಂದ್ರೆ ಇದೇ ಅತ್ತೆ" ಎಂದಳು ಅವಳು ಕಣ್ಣು ಮುಚ್ಚಿಕೊಂಡೇ. "ನಿಲ್ಲಿಸ್ಬೇಡಿ. ಹಾಡಿ."

ಹಾಡಿದೆ.